ಕೌದಿ ಗುಂಪಿನ ಚಾಲೆಂಜುಗಳು

ನಾಲ್ಕು ಮಂದಿ ಹೆಂಗಸರು ಸೂಜಿ ಹಿಡಿದು ಕೂತರೆ ಏನಾದರೊಂದು ಆಗಿಯೇ ಆಗುತ್ತದೆ. ನಾವು ಐದು ಮಂದಿ. ಹಾಗಾಗಿ ನಮ್ಮಲ್ಲಿ ತುಸು ಹೆಚ್ಚೇ ಆಗುತ್ತದೆ.

ನಾನು ಚಿಕ್ಕೋಡಿಯಲ್ಲಿ ಬ್ಲೌಸ್ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಮಷೀನು, ಅದೇ ಕಿಟಕಿ. ಕತ್ತರಿಸಿ ಉಳಿದ ತುಂಡುಗಳನ್ನು ಚೀಲಕ್ಕೆ ತುಂಬಿಡುವುದು ನನ್ನ ಚಟ. ಒಮ್ಮೆ ನಿಪ್ಪಾಣಿಯ ಅಕ್ಕೋರು ಬ್ಲೌಸ್ ಅಳತೆ ಕೊಡಲು ಬಂದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಆದರೆ ಕಣ್ಣು ಇನ್ನೂ ನಿವೃತ್ತಿಯಾಗಿಲ್ಲ. ಮೂಲೆಯಲ್ಲಿದ್ದ ಏಳು ಚೀಲ ನೋಡಿ, "ಇಷ್ಟ ಚಿಂದಿ ಇಟ್ಕೊಂಡು ಒಂದ ಕೌದಿ ಹೊಲ್ದಿಲ್ಲಲ್ಲ, ನಿನಗ ನಿದ್ದಿ ಹೆಂಗ ಬರತೈತಿ?" ಎಂದರು.

ಚಿಂದಿ ಜೋಡಿಸಿ ಕೌದಿಯ ಹೊದಿಕೆ ಹೊಲಿಯಲು ಆ ವಾರವೇ ವಾಟ್ಸಾಪಿನಲ್ಲಿ ಗುಂಪು ತಯಾರಾಯಿತು. ಅಕ್ಕೋರು, ನಾನು, ನಾವು ವೈನಿ ಎಂದು ಕರೆಯುವ ಅಥಣಿಯ ದ್ರಾಕ್ಷಿ ತೋಟದ ಮನೆಯ ಅತ್ತಿಗೆ, ರಾಯಬಾಗದ ಅಂಗನವಾಡಿ ಟೀಚರ್, ಕಾಗವಾಡಕ್ಕೆ ಮದುವೆಯಾಗಿ ಬಂದ ಹೊಸ ಸೊಸೆ. ತಿಂಗಳಿಗೊಂದು ಚಾಲೆಂಜ್. ಒಂದನೇ ತಾರೀಖಿಗೆ ಅಕ್ಕೋರು ನಿಯಮ ಹಾಕುವರು, ತಿಂಗಳ ಕಡೆಗೆ ನಾವು ಫೋಟೋ ಹಾಕಬೇಕು. ಹಾಕದಿದ್ದವರ ಹೆಸರಿನ ಮುಂದೆ ಅಕ್ಕೋರು "ಗೈರುಹಾಜರ್" ಎಂದು ಬರೆಯುವರು.

ಕಿಸೆ

ಮೊದಲನೇ ನಿಯಮ ಹೀಗಿತ್ತು: ಮನೆಯಲ್ಲಿರುವ ಹಳೆ ಬಟ್ಟೆ ಮಾತ್ರ, ಅಂಗಡಿ ಕಡೆ ಹೋಗುವಂತಿಲ್ಲ.

ಎಲ್ಲರಿಗಿಂತ ಮೊದಲು ಮುಗಿಸಿದವರು ಅಕ್ಕೋರೇ. ಅವರ ಯಜಮಾನರು ಆಗ ಮಗಳ ಮನೆಗೆಂದು ಕೊಲ್ಲಾಪುರಕ್ಕೆ ಹೋಗಿದ್ದರು. ಕಪಾಟಿನಲ್ಲಿ ಅವರದೊಂದು ತಿಳಿನೀಲಿ ಶರ್ಟು, ಕಾಲರ್ ಹರಿದದ್ದು. ಅಕ್ಕೋರು ಅದನ್ನು ಕತ್ತರಿಸಿ ಕೌದಿಯ ನಟ್ಟನಡುವೆ ಕೂಡಿಸಿದರು. ನಮ್ಮ ಗುಂಪಿಗೆ ಫೋಟೋ ಹಾಕಿದ್ದು ಸಾಲದೆಂದು ಸ್ಟೇಟಸ್ಸಿಗೂ ಹಾಕಿದರು.

ಕೊಲ್ಲಾಪುರದಲ್ಲಿ ಯಜಮಾನರು ಅದನ್ನು ನೋಡಿ, ಎರಡು ಬೆರಳಲ್ಲಿ ಹಿಗ್ಗಿಸಿ ಮತ್ತೆ ನೋಡಿ, ಫೋನು ಮಾಡಿದರು.

"ಆ ನೀಲಿ ತುಂಡು ಎಲ್ಲಿದು?"

"ಯಾವುದೋ ಹಳೇದ್ರಿ."

"ಅದರ ಮ್ಯಾಲ ಕಿಸೆ ಐತಿ."

"ಕಿಸೆ ಇದ್ದರ ಛಂದ ಕಾಣತೈತಿ ಅಂತ ಹಂಗ ಬಿಟ್ಟೀನಿ."

"ಮುಂದಿನ ವಾರ ಲಗ್ನಕ್ಕ ಹಾಕ್ಕೊಳ್ಳಾಕ ಇಟ್ಟ ಶರ್ಟ ಅದು!"

"ಕಾಲರ್ ಹರದಿತ್ತಲ್ರಿ?"

"ಮ್ಯಾಲ ಕೋಟ ಹಾಕ್ಕೋತಿದ್ದೆ!"

ಊರಿಗೆ ಬಂದವರು ಎರಡು ದಿನ ಕೌದಿಯ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ಊಟವಾದ ಮೇಲೆ ತಾವಾಗಿಯೇ ಆ ಕೌದಿ ಎಳೆದುಕೊಂಡು, ಕಿಸೆ ಸರಿಯಾಗಿ ಎಡಗಡೆ ಎದೆಯ ಮೇಲೆ ಬರುವ ಹಾಗೆ ಹೊದ್ದು, ಚಷ್ಮಾ ತೆಗೆದು ಅದರೊಳಗಿಟ್ಟು ಮಲಗಿದರು. ಅಂದಿನಿಂದ ಅದೇ ರೂಢಿ. ಈಗ ಅಲ್ಲಿ ಒಂದು ಪೆನ್ನೂ ಸೇರಿದೆಯಂತೆ.

"ಮದಲ ಶರ್ಟ ಒಗ್ಯಾಕ ಹಾಕೂವಾಗ ಕಿಸೆ ನೋಡತಿದ್ದೆ," ಎನ್ನುತ್ತಾರೆ ಅಕ್ಕೋರು. "ಈಗ ಕೌದಿ ಹಾಕೂವಾಗೂ ನೋಡಬೇಕಾಗೈತಿ."

ಗೇಣು

ಮೂರನೇ ತಿಂಗಳು ಅಕ್ಕೋರಿಗೆ ಎಲ್ಲರೂ ಸೇರಿ ಒಂದೇ ಕೌದಿ ಮಾಡುವ ಆಸೆ ಬಂತು. ಒಬ್ಬೊಬ್ಬರು ನಾಲ್ಕು ನಾಲ್ಕು ಚೌಕ ಹೊಲಿದು ಅಥಣಿಯ ವೈನಿಗೆ ಕಳಿಸುವುದು, ವೈನಿ ಜೋಡಿಸುವುದು. ಚೌಕ ಎಷ್ಟು ದೊಡ್ಡದಿರಬೇಕು ಎಂದು ನಾನು ಕೇಳಿದೆ. "ಇಂಚು ಗಿಂಚು ಬ್ಯಾಡ. ನಮ್ಮ ಹಿರೇರು ಗೇಣಿಲೆ ಅಳೀತಿದ್ರು. ಒಂದ ಗೇಣು," ಎಂದು ಅಪ್ಪಣೆಯಾಯಿತು.

ಐದೂ ಊರಿನ ಚೌಕಗಳು ಬಸ್ಸು ಹತ್ತಿ ಅಥಣಿಗೆ ಹೋದವು. ಅವು ತಲುಪಿದ ಮಧ್ಯಾಹ್ನ ವೈನಿಯ ಧ್ವನಿ ಸಂದೇಶ ಬಂತು. "ಎಲ್ಲಾರೂ ತಂತಮ್ಮ ಕೈ ಫೋಟೋ ಹಾಕ್ರಿ. ಈಗ ಹಾಕ್ರಿ."

ಹಾಕಿದೆವು. ಕಾಗವಾಡದ ಸೊಸೆಯ ಕೈ ಹಪ್ಪಳದಷ್ಟು. ಅಕ್ಕೋರದು ಅದಕ್ಕಿಂತ ತುಸು ದೊಡ್ಡದು. ವೈನಿಯದು ತೋಟದಲ್ಲಿ ದುಡಿದ ಕೈ, ಅದರ ಎರಡರಷ್ಟು. ನಾನಂತೂ ಗುಟ್ಟಾಗಿ ಟೇಪು ಹಿಡಿದೇ ಹೊಲಿದಿದ್ದೆ. ಕಡೆಗೆ ಅಂಗನವಾಡಿ ಟೀಚರ್ ಹಾಕಿದ ಫೋಟೋದಲ್ಲಿ ಎಲ್ಲರದಕ್ಕಿಂತ ದೊಡ್ಡ ಕೈ.

"ಟೀಚರ, ನಿಮ್ಮ ಕೈ ಮ್ಯಾಲ ಇಷ್ಟ್ಯಾಕ ಕೂದಲಾ?" ಎಂದು ಸೊಸೆ ಕೇಳಿಯೇಬಿಟ್ಟಳು.

"ಅದು ನಮ್ಮ ಮನಿಯವರ ಕೈರಿ. ಗೇಣು ಅಂದ್ರ ಗಂಡಸರದ ಇರಬೇಕು ಅಂದ್ಕೊಂಡೆ."

ಏನು ಮಾಡುವುದು? ವೈನಿ ಸಂದು ಇದ್ದಲ್ಲೆಲ್ಲ ನೀಲಿ ಪಟ್ಟಿ ತುಂಬುತ್ತ, ಅಂಕುಡೊಂಕಾಗಿ ಹೇಗೋ ಜೋಡಿಸಿ ಪಡಸಾಲೆಯಲ್ಲಿ ಹಾಸಿದರು. ಅವರ ಮಾವನವರು ಬಂದು, ಕೈ ಹಿಂದೆ ಕಟ್ಟಿಕೊಂಡು, ಸುತ್ತಲೂ ಒಂದು ಸಲ ನಡೆದು ನೋಡಿದರು.

"ನಕಾಶೆ ಛಲೋ ತಗದೀರಿ ಬಿಡ್ರಿ," ಎಂದರು. "ಇದು ಕೃಷ್ಣಾ ಹೊಳಿ ಅನ್ನೂದು ಗೊತ್ತಾತು. ಇದರಾಗ ನಮ್ಮ ತೋಟ ಎಲ್ಲಿ ಬರತೈತಿ?"

ತೋಳು

ಇದು ನನ್ನದೇ ಮರ್ಯಾದೆಯ ವಿಷಯ. ಹೇಳಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೆ.

ಒಂದು ತಿಂಗಳ ನಿಯಮ "ಬರೀ ಹಸಿರು". ಬ್ಲೌಸ್ ಹೊಲಿಯುವವಳಿಗೆ ಹಸಿರಿಗೆ ಬರವೇ? ಎಲೆ ಹಸಿರು, ಗಿಳಿ ಹಸಿರು, ಬಾಟಲಿ ಹಸಿರು, ಎಲ್ಲ ಸೇರಿಸಿ ಹೊಲಿದೆ. ಅಷ್ಟು ಚೆಂದ ನನ್ನ ಕೈಯಿಂದ ಎಂದೂ ಆಗಿರಲಿಲ್ಲ. ದಾರಿಯವರೂ ನೋಡಲಿ ಎಂದು ಅಂಗಡಿಯ ಮುಂದೆ ಹಗ್ಗಕ್ಕೆ ಹಾಕಿದೆ. ಅದೇ ತಪ್ಪಾಯಿತು.

ನಾನು ಕಾಕೂ ಎನ್ನುವ ಹಳೆಯ ಗಿರಾಕಿ ಹೆಂಗಸೊಬ್ಬರು ಬಂದರು. ಎರಡು ವರ್ಷದ ಹಿಂದೆ ಮಗನ ಮದುವೆಗೆ ಬ್ಲೌಸ್ ಹೊಲಿಯಲು ಗಿಳಿ ಹಸಿರು ಖಣ ಕೊಟ್ಟು, ಮೊಳಕೈತನಕ ತೋಳು ಇರಲಿ ಎಂದು ಹೇಳಿಹೋಗಿದ್ದರು. ನಾನು ಗಡಿಬಿಡಿಯಲ್ಲಿ ಎರಡೂ ತೋಳನ್ನು ಎಡಗೈಗೇ ಕತ್ತರಿಸಿಬಿಟ್ಟಿದ್ದೆ. ಆ ತೋಳುಗಳನ್ನು ಚಿಂದಿ ಚೀಲಕ್ಕೆ ಸೇರಿಸಿ, ಉಳಿದ ಬಟ್ಟೆಯಲ್ಲಿ ಗಿಡ್ಡ ತೋಳು ಹೊಲಿದು, "ಬಟ್ಟಿ ಸಾಲಲಿಲ್ರಿ" ಎಂದು ಹೇಳಿ ದಾಟಿಸಿದ್ದೆ.

ಅವರು ಕೌದಿಯ ಮುಂದೆ ನಿಂತರು. ನಿಂತೇ ಇದ್ದರು. ನಾನು ಮಷೀನು ನಿಲ್ಲಿಸಿದೆ.

"ಇದು ನನ್ನ ಖಣ."

"ಇಂಥಾ ಖಣ ಭಾಳ ಮಂದಿ ತರತಾರ್ರಿ, ಕಾಕೂ," ಎಂದೆ.

ಅವರು ತಮ್ಮ ಎಡಗೈಯನ್ನು ಆ ತುಂಡಿನ ಮೇಲೆ ಚಾಚಿ ಇಟ್ಟರು. ಹೆಗಲಿಂದ ಮೊಳಕೈತನಕ ಸರಿಯಾಗಿ ಕೂತಿತು.

ನಾನು ಎದ್ದು ಬಂದು ಎಲ್ಲ ಹೇಳಿಬಿಟ್ಟೆ. ಎರಡು ಎಡಗೈ, ಗಡಿಬಿಡಿ, ಸುಳ್ಳು, ಎಲ್ಲ. ಅವರು ಕೂತು ನೀರು ಕೇಳಿದರು. ಕೊಟ್ಟೆ. ನಿಧಾನ ಕುಡಿದರು. ಊರಲ್ಲಿ ನನ್ನ ಹೆಸರು ಇವತ್ತಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವರು ಲೋಟ ಕೆಳಗಿಟ್ಟು, "ಹೋಗ್ಲಿ, ಮನಷ್ಯಾ ಅಂದ ಮ್ಯಾಲ ತಪ್ಪ ಆಗತಾವು," ಎಂದು ಎದ್ದರು. ನನ್ನ ಜೀವ ತಣ್ಣಗಾಯಿತು.

ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತರು.

"ಇದು ಒಂದ ತೋಳಾತು. ಇನ್ನೊಂದ ತೋಳ ಯಾವ ಕೌದ್ಯಾಗ ಐತಿ?"

ಅಂಚು

ರಾಯಬಾಗದಲ್ಲಿ ಮಹಿಳಾ ಸಂಘದವರು ಕೌದಿ ಸ್ಪರ್ಧೆ ಇಟ್ಟರು. ನಮ್ಮ ಗುಂಪಿನ ಆ ಎರಡು ತಿಂಗಳ ಚಾಲೆಂಜ್ ಏನೆಂದರೆ, ಸ್ಪರ್ಧೆಗೆ ನಮ್ಮದಲ್ಲ, ಮನೆಯ ಹಿರಿಯರು ಹೊಲಿದದ್ದನ್ನು ಒಯ್ಯಬೇಕು.

ನಮ್ಮ ಅತ್ತೆಗೆ ಎಪ್ಪತ್ತೆಂಟು. ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವರ ಕೌದಿಯಲ್ಲೇ ಮಲಗಿ ಬೆಳೆದವು. ಆದರೆ "ಛಲೋ ಹೊಲ್ದಿ" ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ನಾನೂ ಹೇಳಿದ್ದಿಲ್ಲ. ಸ್ಪರ್ಧೆಯ ಮಾತೆತ್ತಿದಾಗ, "ಕೌದಿ ಹೊಚ್ಕೊಳ್ಳಾಕ ಇರತೈತಿ, ತೋರ್ಸಾಕಲ್ಲ," ಎಂದು ಮುಖ ತಿರುಗಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಹಳೆಯ ಇಳಕಲ್ ಸೀರೆ ಹಾಸಿಕೊಂಡು ಹೊಸದನ್ನು ಶುರು ಮಾಡಿದ್ದರು.

ಎರಡು ತಿಂಗಳು ಹೊಲಿದರು. ಬರೀ ಕೆಂಪು ದಾರ, ಅಕ್ಕಿಕಾಳಿನಂಥ ಟಾಕಿ, ಅಂದರೆ ಕೈಹೊಲಿಗೆ. ದಿನಕ್ಕೆ ಮೂರು ಸಲ ಒಂದೇ ಪ್ರಶ್ನೆ: "ಅಲ್ಲಿ ನೋಡಾಕ ಬರೂ ಮೇಡಂಗ ಕಣ್ಣ ಛಲೋ ಕಾಣತಾವಿಲ್ಲೋ?"

ಸ್ಪರ್ಧೆಯ ದಿನ ಕೌದಿಯನ್ನು ಚೀಲಕ್ಕೆ ಹಾಕಲೂ ಬಿಡದೆ, ತೊಡೆಯ ಮೇಲಿಟ್ಟುಕೊಂಡೇ ರಾಯಬಾಗಕ್ಕೆ ಬಂದರು. ಮೇಜಿನ ಮೇಲೆ ತಾವೇ ಹಾಸಿ, ಸೆರಗು ಹೊದ್ದು ಪಕ್ಕದಲ್ಲಿ ನಿಂತರು. ತೀರ್ಪು ಕೊಡಲು ಬಂದವರು ಬೆಳಗಾವಿಯ ಮೇಡಂ. ಕೊರಳಲ್ಲಿ ಸರಪಳಿಗೆ ಕಟ್ಟಿದ ಚಷ್ಮಾ, ಬಾಯಲ್ಲಿ ಪುಸ್ತಕದ ಕನ್ನಡ. ನಾಲ್ಕು ಮೇಜನ್ನು ನೋಡಿಕೊಂಡು ಸರಸರ ಬಂದವರು ನಮ್ಮ ಮುಂದೆ ನಿಂತುಬಿಟ್ಟರು.

"ಅಬ್ಬಾ! ಎಷ್ಟು ಸಣ್ಣ ಹೊಲಿಗೆ! ಇದನ್ನು ಹೊಲಿದವರು ನೀವೇನಾ ಅಮ್ಮ?"

ಅತ್ತೆ ತಲೆಯಾಡಿಸಿದರು. ಕಣ್ಣು ತುಂಬಿದ್ದು ನನಗೆ ಕಂಡಿತು.

"ಎಲ್ಲಕ್ಕಿಂತ ಈ ಅಂಚು ನೋಡಿ," ಎಂದು ಮೇಡಂ ಜೊತೆಗಿದ್ದವರಿಗೆ ತೋರಿಸಿದರು. "ಕಪ್ಪು ದಾರದಲ್ಲಿ ಎಳೆದ ಈ ಸಾಲು! ಒಂದು ಹೊಲಿಗೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ."

ಅತ್ತೆ ಆ ಕೌದಿಗೆ ಕಪ್ಪು ದಾರ ಮುಟ್ಟಿರಲೇ ಇಲ್ಲ.

ಮೇಡಂ ಚಷ್ಮಾ ಏರಿಸಿ, ಬಗ್ಗಿ, ಆ ಸಾಲಿನ ಮೇಲೆ ಮೆಲ್ಲಗೆ ಬೆರಳಿಟ್ಟರು. ಸಾಲು ಬೆರಳಿನ ಎಡಕ್ಕೊಂದು ಬಲಕ್ಕೊಂದು ಆಗಿ ಸೀಳಿ, ಮುಂದೆ ಹೋಗಿ ಮತ್ತೆ ಒಂದಾಯಿತು.

"ಅಯ್ಯಯ್ಯೋ! ಹೊಲಿಗೆ ನಡೀತಾ ಇದೆ!"

ಮೇಡಂ ಮೂರು ಹೆಜ್ಜೆ ಹಿಂದಕ್ಕೆ ಹಾರಿದರು. ಹಿಂದಿದ್ದ ಅಂಗನವಾಡಿ ಟೀಚರ್ ಅವರನ್ನು ಹಿಡಿಯದಿದ್ದರೆ ಪಕ್ಕದ ಮೇಜಿನ ಕೌದಿಯ ಮೇಲೆ ಮಲಗಿಬಿಡುತ್ತಿದ್ದರು. ಮೇಜಿನ ಕಾಲಿನಿಂದ ಹತ್ತಿ, ಅಂಚಿನುದ್ದಕ್ಕೂ ಸಾಲುಗಟ್ಟಿ, ಇರುವೆಗಳು ಮೂಲೆಯೊಂದರ ಒಳಗೆ ಹೋಗಿಬಂದು ಮಾಡುತ್ತಿದ್ದವು.

"ಅತ್ತೀ, ಮೂಲ್ಯಾಗ ಏನ ಇಟ್ಟೀರಿ?" ಎಂದೆ.

"ಹೊಟ್ಟಿ ತುಂಬಸೀನಿ," ಎಂದರು ಅತ್ತೆ, ತಣ್ಣಗೆ. ನಮ್ಮ ಮನೆಯ ಪದ್ಧತಿ ಅದು. ಕೌದಿಯ ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ತುಣುಕು ಒಣ ರೊಟ್ಟಿ ಇಡುತ್ತಾರೆ, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು.

"ಒಣ ರೊಟ್ಟಿಗೆ ಇಷ್ಟ ಇರಿವಿ ಬರತಾವೇನ್ರಿ?"

"ಸ್ಪರ್ಧಾಕ್ಕ ಹೊಂಟ ಕೌದಿಗೆ ರೊಟ್ಟಿ ಹೆಂಗ ಇಡಲೇ? ಹೋಳಗಿ ಇಟ್ಟೀನಿ."

ದೂರದಿಂದಲೇ ಮೇಡಂ ಕೇಳಿದರು, "ತುಪ್ಪ ಬೇರೆ ಹಾಕಿದ್ದೀರಾ?"

"ತುಪ್ಪ ಇಲ್ದ ಹೋಳಗಿ ಯಾರ ತಿಂತಾರ್ರಿ?"

ಸಂಜೆ ಫಲಿತಾಂಶ ಬಂತು. ಅತ್ತೆಗೆ ಎರಡನೇ ಬಹುಮಾನ. ಅವರಿಗೆ ಓದು ಬಾರದು. ಪ್ರಮಾಣಪತ್ರದ ಜೊತೆ ಮೇಡಂ ಬರೆದ ಚೀಟಿಯನ್ನು ನನ್ನ ಕೈಗಿಟ್ಟು, ಓದು ಎಂದರು. ನಾನು ನಗು ತಡೆದುಕೊಂಡು ಓದಿದೆ.

"ಹೊಲಿಗೆ ಅತ್ಯುತ್ತಮ. ಆದರೆ ಅಂಚು ಎದ್ದು ಹೋಯಿತು."

ಅತ್ತೆ ಸ್ವಲ್ಪ ಯೋಚಿಸಿದರು. ಆಮೇಲೆ ಕೌದಿಯನ್ನು ನಿಧಾನವಾಗಿ ಮಡಚುತ್ತ ಹೇಳಿದರು:

"ಹೋಗ್ಲಿ ಬಿಡ. ಉಂಡ ಹೋಗ್ಯಾವಲ್ಲ."