ತಿರುವಿನ ಹಾರ್ನು, ಮೇಸ್ತ್ರಿಯ ಮಂದ ಕಿವಿ

೧೯೫೩ರ ಡಿಸೆಂಬರ್ ೯. ಬೆಳಿಗ್ಗೆ ಮಂಜು, ಹತ್ತರ ಮೇಲೆ ಒಳ್ಳೆಯ ಬಿಸಿಲು.

ಮಾದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಎಂದರೆ ಆಳುಗಳ ಹಾಜರಿ ಬರೆಯುವವನು. ಒಬ್ಬರನ್ನೊಬ್ಬರು ನಂಬದ ಜನ ಒಂದೇ ರಸ್ತೆಯ ಪಕ್ಕ ಬದುಕಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಈ ಸಲ ನಡುವೆ ಸಿಕ್ಕಿಕೊಂಡದ್ದು ಒಂದು ಹಾರ್ನು.

೧. ಅರ್ಧ ಗಂಟೆ ಮುಂಚೆ

ನಮ್ಮಲ್ಲಿ ಕೆಲಸ ಬಿಡುವುದು ನಾಲ್ಕೂವರೆಗೆ. ಸಾಹುಕಾರರ ತಂದೆಯ ಹಳೆ ಕಾರಿನಿಂದ ಬಿಚ್ಚಿಟ್ಟ ರಬ್ಬರ್ ಬುರುಡೆಯ ಹಾರ್ನನ್ನು ಆಫೀಸಿನ ಜಗಲಿಯಲ್ಲಿ ನಿಂತು ನಾನು ಎರಡು ಸಲ ಒತ್ತಬೇಕು. ಆ ದಿನ ನಾಲ್ಕಕ್ಕೇ ಆಳುಗಳೆಲ್ಲ ಕಾಫಿ ಹಣ್ಣಿನ ಚೀಲ ಹೊತ್ತು ಇಳಿದುಬಂದರು.

"ಯಾರು ಬಿಡೋಕೆ ಹೇಳಿದ್ದು?" ಎಂದು ಮೇಸ್ತ್ರಿಯನ್ನು ಕೇಳಿದೆ.

"ನೀವೇ ಎರಡು ಸಲ ಒತ್ತಿದ್ರಲ್ಲ, ರೈಟ್ರೇ."

ಕೆಳಗಿನ ತಿರುವಿನಲ್ಲಿ ಸುಂಟಿಕೊಪ್ಪದಿಂದ ಬರುವ ಹೊಸ ಬಸ್ಸು ಆಗತಾನೇ ಹಾದುಹೋಗಿತ್ತು. ಅದರದೂ ರಬ್ಬರ್ ಹಾರ್ನೇ.

"ಅದು ಬಸ್ಸಿಂದು!"

"ಇರಬಹುದು. ವಯಸ್ಸಾಯ್ತು, ಕಿವಿ ಮಂದ."

ಮೇಸ್ತ್ರಿಯ ಹಿಂದೆ ನಿಂತಿದ್ದ ಅರವತ್ತು ಆಳುಗಳನ್ನು ನೋಡಿದೆ. ಎಲ್ಲರದೂ ಅದೇ ದಿನ ಮಂದವಾಗಿತ್ತು.

೨. ಬಸ್ಸಿನ ಮುಂದೆ ಕಂಡಕ್ಟರು

ನಮ್ಮ ಹಾರ್ನನ್ನು ಬದಲಿಸೋಣವೆಂದರೆ ಸಾಹುಕಾರರು ಒಪ್ಪಲಿಲ್ಲ. "ನಮ್ಮದು ಅಪ್ಪನ ಕಾಲದ್ದು. ಬಸ್ಸು ಬಂದದ್ದು ಮೊನ್ನೆ. ಅವನಿಗೇ ಹೇಳು" ಎಂದರು. ದಿನಗೂಲಿಯವರಿಗೆ ಅರ್ಧ ಗಂಟೆ ಉಳಿದರೆ ಅದರಲ್ಲಿ ನನಗೇನು ಪಾಲು ಎಂಬ ಅನುಮಾನವೂ ಅವರ ನೋಟದಲ್ಲಿತ್ತು.

ಮರುದಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿದೆ. ಡ್ರೈವರು ಸೋಮವಾರಪೇಟೆ ಕಡೆಯವನು.

"ಹಾರ್ನ್ ಮಾಡಿ ಅಂತ ಬೋರ್ಡೇ ನೆಟ್ಟವ್ರೆ, ರೈಟ್ರೇ. ನೀವು ಬೇಡ ಅಂತೀರಾ?"

"ಅಗತ್ಯವಿದ್ದಾಗ ಮಾತ್ರ ಹೊಡೆದರೆ ಸಾಕಲ್ಲವೇ?"

"ಅಗತ್ಯ ಐತೋ ಇಲ್ವೋ ಅಂತ ತಿರುವಿನ ಆಚೆ ಹೋದ್ಮೇಲೆ ತಾನೇ ಗೊತ್ತಾಗೋದು? ಹೋದ ವರ್ಷ ಆಸ್ಪತ್ರೆ ಮುಂದೆ ಹೊಡೆದೆ ಅಂತ ದಂಡ ಕಟ್ಟಿದೀನಿ. ಈಗ ತಿರುವಲ್ಲಿ ಹೊಡೀಲಿಲ್ಲ ಅಂತ ಸಿಕ್ಕಿಬಿದ್ರೆ ಲೈಸೆನ್ಸೇ ಹೋಯ್ತದೆ. ಹೆಂಡ್ತಿ ಮಕ್ಕಳಿಗೆ ನಿಮ್ಮ ಸಾಹುಕಾರ್ರು ಅನ್ನ ಹಾಕ್ತಾರಾ?"

ಸಾಹುಕಾರರು ಬಸ್ಸಿನ ಮಾಲೀಕರಿಗೆ ಬೇಕಾದವರು. ಕೊನೆಗೆ ಡ್ರೈವರೇ ಒಂದು ದಾರಿ ಕಂಡುಕೊಂಡ. ತಿರುವು ಬಂದಾಗ ಕಂಡಕ್ಟರು ಇಳಿದು ಮುಂದೆ ನಡೆಯಬೇಕು, ಬಸ್ಸು ಸದ್ದಿಲ್ಲದೆ ಅವನ ಹಿಂದೆ ಬರಬೇಕು.

ಮೊದಲ ದಿನವೇ ಒಬ್ಬ ಅಜ್ಜಿ ಗಂಟು ಎತ್ತಿಕೊಂಡು ಇಳಿದುಬಿಟ್ಟರು.

"ಕೂತ್ಕೊಳಿ ಅಜ್ಜಿ, ಏನೂ ಆಗಿಲ್ಲ" ಎಂದ ಕಂಡಕ್ಟರು.

"ಏನೂ ಆಗಿಲ್ಲ ಅಂದ್ರೆ ನೀನ್ಯಾಕಪ್ಪ ಇಳಿದೆ?"

ಅಜ್ಜಿಯ ಹಿಂದೆ ಅರ್ಧ ಬಸ್ಸು ಇಳಿಯಿತು. ತಿರುವು ದಾಟಿದ ಮೇಲೆ ಎಲ್ಲರೂ ನಡೆದಷ್ಟು ದೂರದ ಚಾರ್ಜು ವಾಪಸು ಕೇಳಿದರು.

೩. ಸದ್ದಿಲ್ಲದ ಬಸ್ಸು

ನಾಲ್ಕನೆಯ ದಿನ ತಿರುವಿನಾಚೆ ಒಬ್ಬ ಪೊಲೀಸಿನವನು ಸೈಕಲ್ ಒರಗಿಸಿ ಬೀಡಿ ಸೇದುತ್ತಿದ್ದ. ಮೊದಲು ಕಂಡಕ್ಟರು ಬಂದ, ಆಮೇಲೆ ಹತ್ತು ಹನ್ನೆರಡು ಜನ, ಆಮೇಲೆ ಉಸಿರು ಬಿಗಿಹಿಡಿದಂತೆ ಬಸ್ಸು. ಮಾರಲು ಪರವಾನಗಿಯಿಲ್ಲದ ಕಾಫಿ ಬೀಜ ಕದ್ದು ಸಾಗಿಸುತ್ತಿದ್ದ ಕಾಲ ಅದು.

"ಕಳ್ಳಮಾಲು ಇಲ್ದಿದ್ರೆ ಕಳ್ಳಹೆಜ್ಜೆ ಯಾಕೋ?" ಎಂದು ಬಸ್ಸಿನ ಮೇಲೆ ಹತ್ತಿ ಪ್ರತಿ ಮೂಟೆ ಬಿಚ್ಚಿಸಿದ. ಸಿಕ್ಕಿದ್ದು ಶುಂಠಿ, ಮತ್ತೆ ಅದೇ ಅಜ್ಜಿಯ ಗಂಟಿನಲ್ಲಿ ಒಂದು ಹುಂಜ. ಹುಂಜ ಅವನ ಬೆರಳಿಗೆ ಕುಕ್ಕಿ ಗಟ್ಟಿಯಾಗಿ ಕೂಗಿತು.

ಬೆರಳು ಚೀಪುತ್ತ ಅವನು ತಿರುವಿನಲ್ಲಿ ಹಾರ್ನ್ ಹೊಡೆಯದ ಕೇಸು ಬರೆದ.

"ಸದ್ದು ಆಯ್ತಲ್ಲ ಸ್ವಾಮಿ" ಎಂದ ಕಂಡಕ್ಟರು, ಹುಂಜವನ್ನು ತೋರಿಸಿ.

೪. ಮಡಿಕೇರಿಯಲ್ಲಿ

ಲೈಸೆನ್ಸಿನ ಚಿಂತೆಯಲ್ಲಿ ಡ್ರೈವರು ಒಂದು ವಾರದಲ್ಲೇ ಸೊರಗಿಹೋಗಿದ್ದ. ತಪ್ಪು ನನ್ನದೂ ಆದ್ದರಿಂದ ಸಾಕ್ಷಿಗೆ ಹೋದೆ, ಇದ್ದದ್ದನ್ನು ಇದ್ದಂತೆ ಹೇಳಿದೆ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು.

"ಹಾಗಾದರೆ ರಸ್ತೆಯ ಕಾನೂನು ಬರೆಯುವವರು ನಿಮ್ಮ ಸಾಹುಕಾರರೋ?"

"ಇಲ್ಲ ಸ್ವಾಮಿ. ಅವರು ಹೇಳುತ್ತಾರೆ, ಬರೆಯುವವನು ನಾನು."

ಅವರು ನಗಲಿಲ್ಲ. ಆದರೆ ಬಸ್ಸಿನ ಮುಂದೆ ಆಳು ನಡೆಸಿದ್ದರಲ್ಲಿ ಎಚ್ಚರಿಕೆ ಇತ್ತೆಂದು ಲೈಸೆನ್ಸು ಉಳಿಸಿದರು. ಐದು ರೂಪಾಯಿ ದಂಡ, ನಾಳೆಯಿಂದ ಆ ತಿರುವಿನಲ್ಲಿ ಹಾರ್ನ್ ಹೊಡೆಯಲೇಬೇಕು ಎಂದರು. ಡ್ರೈವರು ಕಣ್ಣೊರೆಸಿಕೊಂಡ.

ದಂಡವನ್ನು ನಾನೇ ಕೊಡೋಣವೆಂದು ಐದರ ನೋಟು ಹಿಡಿದು ಹೊರಗೆ ಬಂದರೆ ಜಗಲಿಯಲ್ಲಿ ನಮ್ಮ ಮೇಸ್ತ್ರಿ. ಕೈಯಲ್ಲಿ ಖಾಲಿ ಬಟ್ಟೆಚೀಲ.

"ನೋಟು ಒಳಗಿಡಿ ರೈಟ್ರೇ. ಕಟ್ಟಾಯ್ತು."

"ಯಾರು ಕಟ್ಟಿದ್ದು?"

"ಲೈನ್‌ಮನೆ ಆಳುಗಳೇ. ತಲೆಗೆ ಒಂದೂವರೆ ಆಣೆ ಹಾಕಿದ್ರು. ಪಾಪ, ಮಕ್ಕಳೊಂದಿಗ."

ಅರವತ್ತು ಆಳು, ಒಂದೂವರೆ ಆಣೆ. ಲೆಕ್ಕ ಬರೆಯುವ ತಲೆ ಸುಮ್ಮನಿರಲಿಲ್ಲ.

"ಐದು ರೂಪಾಯಿ ಹತ್ತಾಣೆ ಆಗುತ್ತಲ್ಲ ಮೇಸ್ತ್ರಿ. ದಂಡ ಐದೇ. ಮಿಕ್ಕ ಹತ್ತಾಣೆ?"

ಮೇಸ್ತ್ರಿ ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡ.

"ಅದನ್ನ ಡ್ರೈವರ್‌ಗೇ ಕೊಟ್ಟೆ. ನಾಳೆಯಿಂದ ಒಂಚೂರು ಜೋರಾಗಿ ಹೊಡಿ ಅಂತ. ಕಿವಿ ಮಂದ ನೋಡಿ."