ಅಣ್ಣನ ಕಿಡ್ನಿಗೆ ಯಾವ ಗ್ರೇಡು?

ನಮ್ಮಣ್ಣನ ಎದುರು ದೇವರೇ ಪ್ರತ್ಯಕ್ಷನಾದರೂ ಕೈಮುಗಿಯುವ ಮೊದಲು ಬೆಳಕಿಗೆ ಹಿಡಿದು ಗ್ರೇಡು ಹಾಕುತ್ತಾನೆ! ತಪ್ಪು ಅವನದಲ್ಲ. ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಬೆಳೆಯುವವರು ನಾವು. ಗೂಡಿನ ಕಾವಿನಲ್ಲಿ ಬೆಂದು ಹಳದಿಯಾದ ಎಲೆಯ ಬಣ್ಣ ನೋಡಿ, ಬೆರಳಲ್ಲಿ ಸವರಿ, ಇದು ಒಂದನೆಯದು, ಇದು ಎರಡನೆಯದು ಎಂದು ವಿಂಗಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ಎಲೆಗೇ ನಿಲ್ಲಿಸಬೇಕಲ್ಲ? ಬಸ್ಸಿನ ಸೀಟು, ನೆಂಟರ ಮೂಗು, ಕ್ಷೌರದವನ ಕತ್ತರಿ, ಎಲ್ಲಕ್ಕೂ ಗ್ರೇಡು!

ನನಗೆ ಹೆಣ್ಣು ನೋಡಲು ಅರಕಲಗೂಡಿಗೆ ಹೋದಾಗ ಉಪ್ಪಿಟ್ಟು ಬಾಯಿಗಿಟ್ಟವನೇ "ಎರಡ್ನೇ ಗ್ರೇಡು" ಎಂದುಬಿಟ್ಟ. ನಾನು ನೆಲ ನೋಡಿದೆ. ಒಳಗಿನಿಂದ ಹುಡುಗಿಯ ದನಿ ಬಂತು: "ಬಂದಿರೋರು ಮೂರ್ನೇ ಗ್ರೇಡು ಅಂತ ಕಿಟಕೀಲೇ ಕಂಡೆ. ಅದ್ಕೇ ಒಂದು ಗ್ರೇಡು ಜಾಸ್ತೀನೇ ಮಾಡಿದೀನಿ!" ಅಣ್ಣ ತೊಡೆ ತಟ್ಟಿ, "ಇವ್ಳೇ ಆಗ್ಲಿ ಕಣ್ಲಾ" ಎಂದ. ಈಗ ಅವಳೇ ನನ್ನ ಹೆಂಡತಿ. ಅಣ್ಣ ಇಂದಿಗೂ ಅವಳೆದುರು ಉಪ್ಪಿಟ್ಟಿನ ಸುದ್ದಿ ಎತ್ತುವುದಿಲ್ಲ.

ಹೋದ ವರ್ಷ ಅವನ ಪಾದ ಊದಿ ಚಪ್ಪಲಿಗೆ ಹೋಗದಾಯಿತು. ಮೂತ್ರದಲ್ಲಿ ನೊರೆ. ಅದಕ್ಕೂ ಗ್ರೇಡು ಹಾಕಲು ಹೊರಟವನನ್ನು ಹಾಸನದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಕಿಡ್ನಿಯಿಂದ ದಾರದೆಳೆಯಷ್ಟು ತುಂಡು ತೆಗೆಸಿ ಪರೀಕ್ಷೆಗೆ ಕಳಿಸಿದರು.

"ರಕ್ತ ಸೋಸೋ ಪುಟ್ಟ ಪುಟ್ಟ ಗಂಟುಗಳಲ್ಲಿ ಕೆಟ್ಟ ಪ್ರೋಟೀನು ಅಂಟ್ಕೊಂಡಿದೆ. ಅಮಿಲಾಯ್ಡ್ ಅಂತೀವಿ. ಕೆಂಪು ಬಣ್ಣ ಹಾಕಿ ಬೇರೆ ಥರದ ಬೆಳಕಲ್ಲಿ ನೋಡಿದ್ರೆ ಹಸಿರಾಗಿ ಹೊಳೆಯುತ್ತೆ" ಎಂದರು.

"ಅಸಿರಾ?" ಅಣ್ಣನ ಮುಖ ಬಾಡಿತು. "ಅಂಗಾದ್ರೆ ಸರಿಯಾಗಿ ಬೆಂದಿಲ್ಲ ಕಣವ್ವಾ. ಅರಾಜ್ನಲ್ಲಿ ಯಾರೂ ಮುಟ್ಟಲ್ಲ. ಓಗ್ಲಿ, ಯಾವ ಗ್ರೇಡು?"

ಡಾಕ್ಟರಮ್ಮ ನಗಲಿಲ್ಲ. "ಅದೇ ಮುಖ್ಯ. ಯಾವ ಬಗೆಯಾದ್ರೂ ಹಸಿರಾಗೇ ಕಾಣುತ್ತೆ. ಪ್ರೋಟೀನು ಯಾವುದು ಅಂತ ತಿಳೀದೆ ಔಷಧ ಕೊಡೋ ಹಾಗಿಲ್ಲ. ಒಂದು ಬಗೆ ಮೂಳೆಯೊಳಗಿನ ಮಜ್ಜೆಯಿಂದ ಬರುತ್ತೆ. ಇನ್ನೊಂದು, ಬಹಳ ಕಾಲ ವಾಸಿಯಾಗದ ಗಾಯದಿಂದ."

ಗಾಯ! ಅಣ್ಣ ಪಂಚೆ ಕೆಳಗೆಳೆದುಕೊಂಡ. ನಾನು ಫ್ಯಾನು ನೋಡಿದೆ. ಟ್ರ್ಯಾಕ್ಟರಿನಿಂದ ಬಿದ್ದು ಮುರಿದಿದ್ದ ಅವನ ಕಾಲಿನಲ್ಲಿ ವರ್ಷಗಳಿಂದ ಕೀವು ಸೋರುತ್ತಿತ್ತು. "ತೋರಿಸ್ಕೊಂಡು ಬರಾಣ್ವಾ?" ಎಂದು ಅವನು ಕೇಳಿದಾಗಲೆಲ್ಲ, "ಸೊಪ್ಪು ಬೇಲ್ ಕಟ್ಟಿ ಆಗ್ಲಿ ತಡಿ ಅಣ್ಣ" ಎನ್ನುತ್ತಿದ್ದವನು ನಾನೇ. ಅವನ ಕೈ ವಿಂಗಡಿಸಿ ಮೂಟೆ ಕಟ್ಟದೆ ನನ್ನ ಸೊಪ್ಪಿಗೆ ಬೆಲೆ ಬರುತ್ತಿರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ನಿಜ. ಆದರೆ ಕೀವು ಕೆಟ್ಟದ್ದು ಎಂದು ತಿಳಿಯಲು ಎಷ್ಟು ಓದಬೇಕು?

ಕೊನೆಗೆ ಬಗೆ ತಿಳಿಯಿತು. ಗಾಯದ್ದೇ. ಡಾಕ್ಟರಮ್ಮ ಪಂಚೆ ಎತ್ತಿಸಿ ಕಾಲು ನೋಡಿದರು. "ಕೀವು ಹಿಡಿದಿರೋ ಈ ಮೂಳೆ ಶುದ್ಧ ಮಾಡಿಸಿದ್ರೆ ಕಿಡ್ನಿ ಉಳಿಯಬಹುದು. ಇಷ್ಟು ದಿನ ಯಾಕೆ ಬಿಟ್ರಿ?" ಎಂದರು ಡಾಕ್ಟರಮ್ಮ. ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಶುರು ಮಾಡಿದ: "ನಾನೇ ಸೋಂಬೇರಿ ಕಣವ್ವಾ. ಇವ್ನು ಪಾಪ, ಬಡ್ಕೊಂಡಿದ್ದೇ ಬಡ್ಕೊಂಡಿದ್ದು!"

ಹೊರಗೆ ಬಂದು, "ಯಾಕಣ್ಣ ಸುಳ್ಳೇಳ್ದೆ?" ಎಂದು ಕೇಳಿದೆ.

"ಆವಮ್ಮ ನಿನ್ನ ಬಯ್ದಿದ್ರೆ ನಾನ್ ಬಿಡ್ತಿದ್ನಾ? ಕಿಡ್ನಿ ನೋಡೋರ ತಾವ ಜಗಳ ಬ್ಯಾಡ ಅಂತ ಕಣ್ಲಾ!"

ನಾನು ವಾಪಸ್ಸು ಒಳಗೆ ಹೋಗಿ ನಿಜ ಹೇಳಿದೆ. ಆಪರೇಷನ್ನಿಗೆ ದಿನ ಕೇಳಿದೆ. ನಮ್ಮ ಸೊಪ್ಪಿನ ಹರಾಜಿನ ದಿನವೇ ಬಿತ್ತು. "ಅದೇ ಆಗ್ಲಿ" ಎಂದೆ. ಹಿಂದೆಯೇ ಬಂದಿದ್ದ ಅಣ್ಣ ನನ್ನ ಅಂಗಿ ಜಗ್ಗುತ್ತಿದ್ದ. "ಲೇ, ಬೇಲ್ ಕಣ್ಲಾ, ಬೇಲ್!"

ಆ ಕೈ ಹಿಡಿದುಕೊಂಡೆ. ಬೆರಳುಗಳೂ ಊದಿದ್ದವು. ಬಸ್ ಸ್ಟ್ಯಾಂಡಿನವರೆಗೂ ಬಿಡಲಿಲ್ಲ.