ತಿದಿ ಮೂತಿಯೂ ನನ್ನ ಕಂಡಿಕಿಯೂ

‘ಇದು ಆಗೋ ಮಾತಲ್ಲ’ ಅಂದವರು ನಮ್ಮ ಶಂಕ್ರಪ್ಪ ಕಾಕಾ. ಅವರು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಟಗೇರಿಯಲ್ಲೇ ಹುಟ್ಟಿ ಬೆಳೆದ ನಾನು ಈಗಲೂ ಗದಗ ಸ್ಟೇಷನ್ನಿಗೆ ಹೋಗುವಾಗ ಇಬ್ಬರನ್ನಾದರೂ ದಾರಿ ಕೇಳುತ್ತೇನೆ. ಒಮ್ಮೆ ಮುಂಡರಗಿಗೆಂದು ಹೊರಟು, ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ಬೋರ್ಡು ನೋಡುವುದನ್ನು ಮರೆತು ಶಿಗ್ಲಿಯಲ್ಲಿ ಇಳಿದಿದ್ದೇನೆ. ಇಂಥವಳು ನಡಿಗೆ ಮಾರ್ಗದರ್ಶಿ ತರಬೇತಿಗೆ ಹೆಸರು ಕೊಟ್ಟಳೆಂದು ಕೇಳಿ ಕಾಕಾ ಮಗ್ಗ ನಿಲ್ಲಿಸಿ ಕೂಗಿದರು: “ಏ ಪಾರಿ, ಬಸ್‌ಸ್ಟ್ಯಾಂಡಿನ ದಾರಿ ತಪ್ಪಾಕಿ ನೀ, ಗುಡ್ಡದಾಗ ಮಂದಿಗೆ ದಾರಿ ತೋರಸ್ತೀಯಾ?” ನಾನು ಬಿ.ಎ. ಕಟ್ಟಿದಾಗಲೂ ಹೀಗೇ ಕೂಗಿದ್ದರು. ಹಗಲೆಲ್ಲ ಲಾಳಿಗೆ ಕಂಡಿಕಿ ಸುತ್ತುತ್ತ, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುತ್ತ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಓದಿದವಳು ನಾನು. ಇಂಗ್ಲಿಷಿಗೆ ಮೂರು ಸಲ ಕೂತೆ. ಪಾಸಾದೆ. ನಮ್ಮ ಮನೆತನದ ಮೊದಲ ಪದವಿ ಅದು. ಗ್ಯಾಸ್ ಸಿಲಿಂಡರಿನ ಪುಸ್ತಕದಲ್ಲೂ ಹೆಸರಿನ ಮುಂದೆ ‘ಬಿ.ಎ.’ ಬರೆಸಿದ್ದೇನೆ.

ತರಬೇತಿಯ ಕೊನೆಯ ಪರೀಕ್ಷೆ ಡೋಣಿ ಎಂಬ ಊರಿನ ಆಚೆ, ಕಪ್ಪತಗುಡ್ಡದ ಮಗ್ಗುಲಲ್ಲಿ. ಒಂದು ಕಾಲಕ್ಕೆ ಗಣಿಯ ಡಬ್ಬಿಗಾಡಿಗಳು ಓಡುತ್ತಿದ್ದ ಹಳಿದಾರಿಯೊಂದು ಅಲ್ಲಿದೆ. ಹಾಳುಬಿದ್ದ ಗಣಿ ವಸತಿಯಿಂದ ಆ ದಾರಿ ಹಿಡಿದು ಹತ್ತು ಮಂದಿಯನ್ನು ನಡೆಸಿ, ಅದಕ್ಕೂ ಹಿಂದಿನವರು ಕಬ್ಬಿಣ ಕರಗಿಸುತ್ತಿದ್ದ ಕುಲುಮೆಯ ಜಾಗವನ್ನು ಪುರಾವೆ ಸಮೇತ ತೋರಿಸಬೇಕು. ತೋರಿಸಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಕಾಕಾ ಹೇಳಿದ್ದೇ ಖರೆ.

ಹಿಂದಿನ ವಾರ ಒಬ್ಬಳೇ ಹೋಗಿ ನೋಡಿದೆ. ಹಳಿದಾರಿಯಲ್ಲಿ ಹಳಿಯೇ ಇರಲಿಲ್ಲ! ಡೋಣಿಯಲ್ಲಿ ಕುಡುಗೋಲು, ಕುರ್ಪಿ ತಟ್ಟುವ ಹುಸೇನಸಾಬ ಅಜ್ಜನ ಅಂಗಡಿ ಮುಂದೆ ಕೂತು, “ಅಜ್ಜಾರ, ಹಳಿ ಎಲ್ಲಿ ಹೋದ್ವು?” ಎಂದೆ. “ನೀ ಕುಂತದ್ದ ಹಳಿ ಮ್ಯಾಲಿ ಐತಿ ಯವ್ವಾ” ಅಂದರು. ಬಗ್ಗಿ ನೋಡಿದರೆ ನಿಜ, ಎರಡು ಕಲ್ಲಿನ ಮೇಲೆ ತುಂಡು ಹಳಿ. ಮುಂದಿನ ಮನೆಯ ಬಾಗಿಲ ಮೇಲೊಂದು, ದನದ ಕೊಟ್ಟಿಗೆಯ ಕಂಬವಾಗಿ ಇನ್ನೊಂದು. ರೈಲುದಾರಿ ಊರೊಳಗೆ ಬಂದು ಸಂಸಾರ ಹೂಡಿತ್ತು. “ಹಳಿ ಹುಡುಕಬ್ಯಾಡ, ಕಿಟ್ಟ ನೋಡಕೋತ ಹೋಗು” ಎಂದರು ಅಜ್ಜ. ಕಬ್ಬಿಣ ಕರಗಿಸಿ ಚೆಲ್ಲಿದ ಕರಿ ಗಟ್ಟಿ ಕಸ ಅದು, ಬಿಸಿಲಿಗೆ ಗಾಜಿನಂತೆ ಮಿಂಚುತ್ತದೆ.

ಗಣಿ ವಸತಿಯಲ್ಲಿ ಚಾವಣಿಯಿಲ್ಲದ ಮನೆಗಳ ಸಾಲು. ಒಂದು ಮನೆಯ ಗೋಡೆಗೂಡಿನಲ್ಲಿ ದೀಪದ ಮಸಿ ಇನ್ನೂ ಉಳಿದಿತ್ತು. ಇಲ್ಲಿ ಬದುಕಿದವರು ಎಣ್ಣೆ ಎಲ್ಲಿಂದ ತರುತ್ತಿದ್ದರು, ಬಿಟ್ಟುಹೋಗುವ ದಿನ ಬಾಗಿಲು ಹಾಕಿಕೊಂಡರೋ ಇಲ್ಲವೋ ಎಂದು ಯೋಚಿಸುತ್ತ ಕಿಟ್ಟದ ಬೆನ್ನು ಹತ್ತಿದೆ. ಬಾರಿಗಿಡದ ಬುಡದಲ್ಲಿ ಸುಟ್ಟ ಮಣ್ಣಿನ ಒಂದು ಕೊಳವೆ ಸಿಕ್ಕಿತು. ಗೇಣುದ್ದ, ನಡುವೆ ತೂತು. ನೇಕಾರರ ಮಗಳ ಕಣ್ಣಿಗೆ ಇನ್ನೇನು ಕಂಡೀತು? ಕಂಡಿಕಿ! ‘ಇಷ್ಟು ದಪ್ಪನೆಯದೇ?’ ಎಂದು ಮನಸ್ಸು ಕೇಳಿತು. ‘ಹಿಂದಿನವರು ಕಂಬಳಿ ನೇಯುತ್ತಿದ್ದರು’ ಎಂದು ನನ್ನೊಳಗಿನ ಬಿ.ಎ. ಉತ್ತರಿಸಿತು. ಕುಲುಮೆ ಸಿಗದಿದ್ದರೇನು, ನೇಕಾರರು ಸಿಕ್ಕರಲ್ಲ ಎಂದು ಕೊಳವೆಯನ್ನು ಇದ್ದಲ್ಲೇ ಬಿಟ್ಟು ಮನೆಗೆ ಬಂದು, ‘ಗುಡ್ಡದಲ್ಲಿ ನೇಕಾರರ ಕೇರಿ’ ಎಂದು ಎರಡು ಪುಟ ಬರೆದು ಬಾಯಿಪಾಠ ಮಾಡಿದೆ.

ಪರೀಕ್ಷೆಯ ದಿನ ಕಾಕಾ “ಸುಮ್ನ ಹವಾ ತಿನ್ನಾಕ ಬರ್ತೀನಿ” ಎಂದು ಬಂದರು. ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು, ನಾನು ಕಳೆದುಹೋದರೆ ಊದಲಿಕ್ಕೆ. ಹುಸೇನಸಾಬ ಅಜ್ಜನನ್ನು ನಾನೇ ಕರೆದಿದ್ದೆ. ಬಾರಿಗಿಡದ ಹತ್ತಿರ ನಿಂತು ಕೊಳವೆ ಎತ್ತಿ ಹಿಡಿದು, “ಇಲ್ಲಿ ನೇಕಾರರಿದ್ದರು!” ಎಂದೆ. ಕಾಕಾ ಅದನ್ನು ಕೈಗೆ ತೊಗೊಂಡು ತಿರುವಿ ನೋಡಿ ಎದೆಯುಬ್ಬಿಸಿ, “ಖರೆ ಐತಿ, ಕಂಡಿಕಿನ ಇದು” ಎಂದರು. ಹುಟ್ಟಿದಾಗಿನಿಂದ ಅವರು ನನ್ನ ಮಾತು ಒಪ್ಪಿದ್ದು ಅದೇ ಮೊದಲು.

ಅಜ್ಜ ನಗಲಿಕ್ಕೆ ಶುರುಮಾಡಿದರು. “ಯವ್ವಾ, ಇದಕ್ಕ ನೂಲು ಸುತ್ತಿದ್ರ ಸೀರಿ ಅಲ್ಲ, ಸರ್ಕಸ್ಸಿನ ಡೇರೆ ನೇಯಬೇಕು. ಇದು ತಿದಿ ಮೂತಿ. ತಿದಿ ಒತ್ತಿದ್ರ ಗಾಳಿ ಇದ್ರಾಗ ಹಾದು ಬೆಂಕಿಗೆ ಹೋಗತೈತಿ. ತುದಿ ನೋಡು, ಕಿಟ್ಟ ಹತ್ತೇತಿ.” ಹತ್ತು ಮಂದಿ ನಕ್ಕರು. ಪರೀಕ್ಷಕಿ ಮೇಡಂ ನಗಲಿಲ್ಲ, ಅಂಕದ ಹಾಳೆಯ ಮೇಲೆ ಪೆನ್ನು ಇಟ್ಟರು. ಕಾಕಾನ ಕೈ ಸೀಟಿಯ ಕಡೆ ಹೋಯಿತು.

ಎರಡು ಪುಟದ ಬಾಯಿಪಾಠ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದೆ. “ತಪ್ಪಾತ್ರಿ ಮೇಡಂ, ನಾ ತಿಳಕೊಂಡಿದ್ದು ತಪ್ಪು” ಎಂದೆ. ಆಮೇಲೆ ನನಗೆ ಚೆನ್ನಾಗಿ ಬರುವ ಒಂದೇ ಕೆಲಸ ಮಾಡಿದೆ, ದಾರಿ ಕೇಳಿದೆ. “ಅಜ್ಜಾರ, ಮೂತಿ ಇಲ್ಲಿ ಬಿದ್ದಿದ್ರ ಕುಲುಮಿ ಎಲ್ಲಿರಬೇಕ್ರಿ?” ಅಜ್ಜ ಕಿಟ್ಟದ ರಾಶಿ ನೋಡಿದರು, ಇಳಿಜಾರು ನೋಡಿದರು, ನಾಲ್ಕು ಹೆಜ್ಜೆ ಮೇಲೆ ಹತ್ತಿದರು. ಕಾಕಾ ಕೋಲಿನಿಂದ ಮುಳ್ಳು ಸರಿಸಿದರು. ಅಲ್ಲಿ ನೆಲದೊಳಗೆ ದುಂಡಗೆ, ಕೆಂಪಗೆ ಸುಟ್ಟ ಮಣ್ಣಿನ ಗೋಡೆ, ಕಾಳು ತುಂಬಿಡುವ ಹಗೇವಿನ ಬಾಯಿಯಷ್ಟು ಅಗಲ. ಅದೇ ಕುಲುಮೆ.

“ಇದನ್ನು ಹುಡುಕಿದ್ದು ಯಾರು?” ಎಂದರು ಮೇಡಂ. “ನಾ ಅಲ್ರಿ. ಈ ತಂಗಿ ಕೇಳಿದ್ಲಲ್ರಿ” ಎಂದರು ಅಜ್ಜ. ಮೇಡಂ ಹಾಳೆಯಲ್ಲಿ ಬರೆದದ್ದನ್ನು ನಾನು ಕದ್ದು ಓದಿದೆ: ‘ಕೇಳಿ ನಡೆಯುತ್ತಾರೆ. ಉತ್ತೀರ್ಣ.’

ಮುಂದಿನ ವಾರ ಗದಗಿನಲ್ಲಿ ಸರ್ಟಿಫಿಕೇಟು ಕೊಟ್ಟರು. ಕಾಕಾ ಒಗೆದ ಧೋತರ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಮೊದಲ ಸಾಲಿನಲ್ಲೇ ಕೂತಿದ್ದರು. ಹೊರಗೆ ಬಂದ ಮೇಲೆ ಅದನ್ನು ನನ್ನ ಕೈಯಿಂದ ತೊಗೊಂಡು ನನ್ನ ಹೆಸರನ್ನು ಎರಡು ಸಲ ಓದಿ, ಹಾಳೆ ಮುದುಡದಂತೆ ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ನಾನು ಗೆದ್ದವಳ ಗತ್ತಿನಲ್ಲಿ ಮುಂದೆ ಮುಂದೆ ನಡೆದೆ. ಹಿಂದಿನಿಂದ ಕಾಕಾನ ದನಿ. ಜನ್ಮದಲ್ಲಿ ಮೊದಲ ಸಲ ಅವರು ನನಗೆ ‘ರಿ’ ಹಚ್ಚಿ ಮಾತಾಡಿದರು:

“ಪಾರ್ವತಿ ಅಕ್ಕಾರ, ಬಸ್‌ಸ್ಟ್ಯಾಂಡ್ ಇತ್ತಾಗ ಐತ್ರಿ.”